ಹನ್ನೊಂದು ಬಾರಿ ಹತ್ತಿದ ಬೆಟ್ಟ

ಒಮಾನಿನ ಸಹಮ್‌ನಲ್ಲಿ ತೋಟದ ಪಂಪು, ಪೈಪುಗಳ ಅಂಗಡಿ ಇಟ್ಟುಕೊಂಡಿರುವ ಹಮೂದ್ ಫೆಬ್ರುವರಿಯ ಒಂದು ಬೆಳಿಗ್ಗೆ ತಾಯಿಯನ್ನು ಕರೆದುಕೊಂಡು ಮಸ್ಕತ್‌ನ ಅಲ್ ಅಜೈಬಾದ ಟ್ರಾವೆಲ್ ಕಚೇರಿಗೆ ಬಂದ. ಜುಲೈಯಲ್ಲಿ ಹತ್ತು ದಿನ ಇಂಗ್ಲೆಂಡಿನ ಹಳ್ಳಿಗಾಡಿಗೆ ಹೋಗಬೇಕಿತ್ತು. ಲಂಡನ್ ಬೇಡ, ಅಂಗಡಿ ಬೀದಿ ಬೇಡ. ತಾಯಿಗೆ ಹಸಿರು ಬೆಟ್ಟ ಮತ್ತು ಮಳೆ ನೋಡುವ ಆಸೆ. ಅವನು ಬೇರೆ ಯಾವ ಮೇಜಿನ ಕಡೆಗೂ ನೋಡದೆ ನೇರವಾಗಿ ಆಲ್ಬಿನಾಳ ಎದುರು ಕುಳಿತ.

"ಅಮ್ಮನಿಗೆ ಮಂಡಿನೋವು," ಎಂದ ಹಿಂದಿಯಲ್ಲಿ. "ನನ್ನನ್ನು ಕಳಿಸಿದೆಯಲ್ಲ, ಆ ಮ್ಯಾಮ್ ಟೋರ್ ಬೆಟ್ಟ, ಅದು ಇವಳಿಗೆ ಆಗುತ್ತದಾ?"

"ಬೇಡ ಭಾಯಿ. ಐನೂರ ಹದಿನೇಳು ಮೀಟರ್ ದೊಡ್ಡದಲ್ಲ, ಕಾರು ನಿಲ್ಲಿಸುವಲ್ಲಿಂದ ತುದಿಗೆ ಇಪ್ಪತ್ತೇ ನಿಮಿಷ. ಆದರೆ ಅಷ್ಟೂ ಕಲ್ಲಿನ ಮೆಟ್ಟಿಲು, ಮೇಲೆ ಗಾಳಿ. ಅಮ್ಮನನ್ನು ಮ್ಯಾಲಮ್‌ಗೆ ಕರೆದುಕೊಂಡು ಹೋಗು. ಎಂಬತ್ತು ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆ, ಅರ್ಧಚಂದ್ರನ ಹಾಗೆ ಬಾಗಿದ್ದು. ಅದರ ಬುಡದವರೆಗೆ ದಾರಿ ಸಮತಟ್ಟು. ಮೇಲಕ್ಕೆ ನಾನೂರು ಮೆಟ್ಟಿಲು ಉಂಟು. ಅಮ್ಮ ಕೆಳಗೆ ಹೊಳೆಯ ಹತ್ತಿರ ಕೂತಿರಲಿ, ನೀನು ಹತ್ತಿ ಇಳಿದು ಬಾ."

ಹಮೂದ್ ತಾಯಿಯ ಕಡೆ ತಿರುಗಿ ಇದನ್ನೆಲ್ಲ ಅರಬಿಯಲ್ಲಿ ಹೇಳಿದ. ಮುದುಕಿ ಆಲ್ಬಿನಾಳ ಮುಖವನ್ನೇ ನೋಡುತ್ತಾ ಏನೋ ಕೇಳಿದಳು.

"ಆ ಬೆಟ್ಟ ಹತ್ತುವಾಗ ನಿನಗೆ ಹೆದರಿಕೆ ಆಗಲಿಲ್ಲವಾ ಅಂತ ಕೇಳ್ತಾಳೆ."

ಆಲ್ಬಿನಾ ನಕ್ಕಳು. "ಮೊದಲ ಸಲ ಆಯಿತು."

ಅವರು ಹೋದ ಮೇಲೆ ಪಕ್ಕದ ಮೇಜಿನ ಹರ್ಷಿತ್ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದ. ಕಾರ್ಕಳದ ಹುಡುಗ, ಕಚೇರಿಗೆ ಸೇರಿ ನಾಲ್ಕು ವರ್ಷ. "ಬಾಯಮ್ಮ, ನೀವು ನಾಟಕಕ್ಕೆ ಸೇರಬೇಕಿತ್ತು ಮಾರಾಯ್ರೆ. ಮೊದಲ ಸಲ ಹೆದರಿಕೆ ಆಯಿತಂತೆ!"

"ನೀನು ನಿನ್ನ ಟಿಕೆಟ್ ನೋಡು."

ಆಲ್ಬಿನಾ ಮ್ಯಾಮ್ ಟೋರ್ ಹತ್ತಿರಲಿಲ್ಲ. ಮ್ಯಾಲಮ್ ನೋಡಿರಲಿಲ್ಲ. ಐವತ್ತನಾಲ್ಕು ವರ್ಷದ ಆಕೆ ಶಿರ್ವದಿಂದ ಮಂಗಳೂರಿಗೆ, ಮಂಗಳೂರಿನಿಂದ ಮಸ್ಕತ್‌ಗೆ ಬಂದವಳು, ಅದರಾಚೆ ಕಾಲಿಟ್ಟವಳಲ್ಲ. ಆದರೆ ಕಳೆದ ಇಪ್ಪತ್ತೊಂದು ವರ್ಷಗಳಲ್ಲಿ ಈ ಕಚೇರಿಯಿಂದ ಇಂಗ್ಲೆಂಡಿನ ಬೆಟ್ಟಗಳಿಗೆ ಹೋದ ಪ್ರತಿ ಒಮಾನಿ ಕುಟುಂಬದ ಪ್ರವಾಸದ ದಿನಚರಿಯನ್ನು ಬರೆದದ್ದು ಅವಳೇ. ಕಂಪ್ಯೂಟರಿನ ನಕ್ಷೆಯಲ್ಲಿ ಬೀದಿಯ ನೋಟ ತೋರಿಸುವ ಹಳದಿ ಗೊಂಬೆಯನ್ನು ಎತ್ತಿ ರಸ್ತೆಗಿಳಿಸಿ, ಕಾಸಲ್ಟನ್ ಹಳ್ಳಿಯ ಪ್ರತಿ ತಿರುವಿನಲ್ಲೂ ನಡೆಸಿದ್ದಳು. ಭೂಕುಸಿತ ತಾಳಲಾರದೆ 1979ರಲ್ಲಿ ಮುಚ್ಚಿದ ಹಳೆಯ ರಸ್ತೆ ಮ್ಯಾಮ್ ಟೋರಿನ ಮಗ್ಗುಲಲ್ಲಿ ಹೇಗೆ ಪದರಪದರವಾಗಿ ಮುರಿದು ಬಿದ್ದಿದೆ ಎಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲಳು. ರೋಸ್‌ಬೆರಿ ಟಾಪಿಂಗ್ ಎಂಬ ಗುಡ್ಡದ ಅರ್ಧ ನೆತ್ತಿ 1912ರಲ್ಲಿ ಕುಸಿಯಿತು, ಕ್ಯಾಟ್ ಬೆಲ್ಸ್‌ನ ಕೊನೆಯ ಭಾಗದಲ್ಲಿ ಬಂಡೆಯನ್ನು ಕೈಯಲ್ಲಿ ಹಿಡಿದೇ ಹತ್ತಬೇಕು, ಮಳೆ ಬಂದ ಮರುದಿನ ಸುಣ್ಣಕಲ್ಲು ಜಾರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಉಳಿದದ್ದನ್ನು ಹೋಗಿ ಬಂದವರಿಂದ ಕೇಳಿ ತಿಳಿದುಕೊಂಡಿದ್ದಳು. ಸೆಪ್ಟೆಂಬರಿನಲ್ಲಿ ಅವರು ಬಿಸ್ಕತ್ತಿನ ಡಬ್ಬಿ ಕೊಡಲು ಬಂದಾಗ ಕೂರಿಸಿ, ಅರಬಿ ಕಾಫಿ ಖಾವಾ ಕೊಟ್ಟು, ಒಂದೊಂದಾಗಿ ಕೇಳುತ್ತಿದ್ದಳು. ಮೇಲೆ ಗಾಳಿ ಹೇಗಿತ್ತು? ಕೂರಲು ಜಾಗ ಇದೆಯಾ? 2017ರಲ್ಲಿ ಹಮೂದ್ ತನ್ನ ಕಸೂತಿ ಟೊಪ್ಪಿ ಮ್ಯಾಮ್ ಟೋರಿನ ಗಾಳಿಗೆ ಹಾರಿಹೋಯಿತೆಂದು ಹೇಳಿ ನಕ್ಕಿದ್ದ. ಆ ವರ್ಷದಿಂದ ಅವಳು ಬರೆಯುವ ಎಲ್ಲ ದಿನಚರಿಗಳಲ್ಲೂ ಒಂದು ಸಾಲು ಸೇರಿತು: ತುದಿಯಲ್ಲಿ ಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ.

ಹೋಗಿದ್ದೇನೆ ಎಂಬ ಸುಳ್ಳನ್ನು ಅವಳು ಹುಟ್ಟಿಸಿದ್ದಲ್ಲ. ಈ ಕಸುಬಿನಲ್ಲಿ ಅದು ಮೊದಲೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ಆಗಿನ ಮ್ಯಾನೇಜರು ಹೇಳಿಕೊಟ್ಟಿದ್ದರು: ನೀನು ನೋಡದ ಊರನ್ನು ಯಾರೂ ನಿನ್ನಿಂದ ಕೊಳ್ಳುವುದಿಲ್ಲ, ಹೋಗಿಲ್ಲ ಎಂದು ಯಾವತ್ತೂ ಹೇಳಬೇಡ. ಅವಳು ಅದನ್ನೇ ಹರ್ಷಿತ್‌ಗೂ ಹೇಳಿಕೊಟ್ಟಳು. ನಾಲ್ಕು ವರ್ಷಗಳ ಹಿಂದೆ ಕಚೇರಿಯ ಹೊಸ ವೆಬ್‌ಸೈಟಿಗೆ ಅವನು ಅವಳ ಪರಿಚಯ ಬರೆದಾಗ, ತಿದ್ದಲು ತಂದು ಮುಂದಿಟ್ಟಿದ್ದ. ಮ್ಯಾಮ್ ಟೋರ್ 571 ಮೀಟರ್ ಎಂದಿತ್ತು. ಅವಳು ಅದನ್ನು 517 ಎಂದು ತಿದ್ದಿದಳು. ಅದರ ಕೆಳಗಿನ ಸಾಲಿನಲ್ಲಿ, ಇಂಗ್ಲೆಂಡಿಗೆ ಹಲವು ಬಾರಿ ಭೇಟಿ ಕೊಟ್ಟಿದ್ದಾರೆ ಎಂದಿತ್ತು.

"ಈ 'ಹಲವು' ಬೇಡ," ಎಂದಿದ್ದಳು. "ಸುಳ್ಳಿನ ಹಾಗೆ ಕಾಣ್ತದೆ. ಸಂಖ್ಯೆ ಹಾಕು."

"ಎಷ್ಟು ಹಾಕಲಿ?"

"ಹತ್ತು ಅಂದರೆ ಅಂದಾಜು ಹೇಳಿದ ಹಾಗೆ. ಹನ್ನೊಂದು ಹಾಕು."

ಹರ್ಷಿತ್ ಮೇಜು ಕುಟ್ಟಿ ನಕ್ಕಿದ್ದ. ಅವಳೂ ನಕ್ಕಿದ್ದಳು.

ಹಮೂದ್ ಬಂದು ಹೋದ ವಾರವೇ ಮ್ಯಾನೇಜರ್ ಗ್ಲಾಡ್ವಿನ್ ತನ್ನ ಗಾಜಿನ ಕೋಣೆಯಿಂದ ಅವಳನ್ನು ಕರೆದ. ಅವನೂ ಮಂಗಳೂರಿನ ಬೆಂದೂರು ಕಡೆಯವನಾದ್ದರಿಂದ ಒಳಗೆ ಅವರ ಮಾತು ಕೊಂಕಣಿಯಲ್ಲೇ ನಡೆಯುವುದು. "ಕೂತ್ಕೊಳ್ಳಿ ಆಲ್ಬಿನಾ, ಮೊದಲು ಕೂತ್ಕೊಳ್ಳಿ. ಬಿದ್ದು ಗಿದ್ದು ಹೋದೀರಿ."

ಇಂಗ್ಲೆಂಡಿನ ಉತ್ತರ ಭಾಗದ ಒಂದು ಪ್ರವಾಸಿ ಮಂಡಳಿ, ತನ್ನ ಊರುಗಳನ್ನು ಮಾರುವ ಏಜೆಂಟರನ್ನು ಮೇ ತಿಂಗಳಲ್ಲಿ ತನ್ನ ಖರ್ಚಿನಲ್ಲೇ ಕರೆಸಿಕೊಳ್ಳುತ್ತಿತ್ತು. ಐದು ದಿನ, ಕಾಸಲ್ಟನ್, ಮ್ಯಾಲಮ್, ಕೆಸಿಕ್. ಇಂಥ ಪ್ರವಾಸ ಹಿಂದೆಯೂ ಎರಡು ಸಲ ಬಂದಿತ್ತು; ಒಮ್ಮೆ ಹಳೆಯ ಮ್ಯಾನೇಜರು ಹೋದರು, ಇನ್ನೊಮ್ಮೆ ಅವರ ಹೆಂಡತಿ. ಈ ಸಲ ಪತ್ರದಲ್ಲಿ ಆಲ್ಬಿನಾಳ ಹೆಸರೇ ಇತ್ತು.

ಅವಳು ಪತ್ರವನ್ನು ಎರಡು ಸಲ ಓದಿದಳು. ಎರಡನೇ ಸಲ ಓದುವಾಗ ಮೂರನೆಯ ಸಾಲಿನಲ್ಲಿ ನಿಂತಳು. ಅವರು ವೆಬ್‌ಸೈಟು ನೋಡಿದ್ದರು. ಹನ್ನೊಂದು ಬಾರಿ ನಮ್ಮ ದೇಶಕ್ಕೆ ಬಂದು ನಮ್ಮ ಬೆಟ್ಟಗಳನ್ನು ಬಲ್ಲ ಹಿರಿಯ ತಜ್ಞೆ ಎಂಬ ಕಾರಣಕ್ಕೆ ನಿಮ್ಮನ್ನು ಆಹ್ವಾನಿಸುತ್ತಿದ್ದೇವೆ ಎಂದು ಬರೆದಿದ್ದರು.

"ಇದು..." ಎಂದು ಬೆರಳಿಟ್ಟು ತೋರಿಸಿದಳು.

ಗ್ಲಾಡ್ವಿನ್ ಕೈ ಬೀಸಿದ. "ಅದನ್ನು ಯಾರು ಓದ್ತಾರೆ? ಹೋಗಿ ಬನ್ನಿ. ಆಮೇಲೆ ಹನ್ನೆರಡು ಅಂತ ಹಾಕುವ."

ಯಾರೂ ಓದುವುದಿಲ್ಲ ಎನ್ನುವುದು ಸುಳ್ಳೆಂದು ಆಲ್ಬಿನಾಳಿಗಿಂತ ಚೆನ್ನಾಗಿ ಬಲ್ಲವರು ಆ ಕಚೇರಿಯಲ್ಲಿ ಇರಲಿಲ್ಲ. ಮಸ್ಕತ್‌ನ ಭಾರತೀಯ ಕುಟುಂಬಗಳ ವೀಸಾ ಅರ್ಜಿಗಳನ್ನೂ ಅವಳೇ ಸಿದ್ಧಪಡಿಸುತ್ತಿದ್ದಳು. ಸ್ಕೇಲು ಇಟ್ಟು ಸಾಲು ಸಾಲಾಗಿ ಓದಿ, ಒಂದು ಕಾಗದದಲ್ಲಿರುವ ತಾರೀಖು ಇನ್ನೊಂದಕ್ಕೆ ಹೊಂದದಿದ್ದರೆ ವಾಪಸು ಕಳಿಸುತ್ತಿದ್ದಳು. "ಅವರು ಎಲ್ಲವನ್ನೂ ಓದ್ತಾರೆ" ಎನ್ನುವುದು ಅವಳ ಮಾತೇ.

ಆ ಸಂಜೆ ಗಾಲಾದ ತನ್ನ ಫ್ಲ್ಯಾಟಿನಲ್ಲಿ ಅವಳು ಲ್ಯಾಪ್‌ಟಾಪ್ ತೆರೆದು ಮಂಡಳಿಗೆ ಒಂದು ಮೇಲ್ ಬರೆದಳು. ನಾನು ನಿಮ್ಮ ದೇಶಕ್ಕೆ ಒಮ್ಮೆಯೂ ಬಂದಿಲ್ಲ, ವೆಬ್‌ಸೈಟಿನಲ್ಲಿರುವುದು ತಪ್ಪು, ದಯವಿಟ್ಟು ಪತ್ರವನ್ನು ತಿದ್ದಿ ಕಳಿಸಿ. ಬರೆದದ್ದು ಮೂರೇ ಸಾಲು. ಗಂಡ ಆಸ್ವಾಲ್ಡ್ ಅಡುಗೆಮನೆಯಲ್ಲಿ ಬಂಗುಡೆ ಸ್ವಚ್ಛ ಮಾಡುತ್ತಿದ್ದವನು ಕೈ ಒರೆಸಿಕೊಂಡು ಬಂದು, ಹಿಂದೆ ನಿಂತು ಓದಿದ.

"ಸರಿ ಉಂಟು. ಕಳಿಸು."

"ಕಳಿಸಿದರೆ ಬೇರೆಯವರನ್ನು ಕರೀತಾರೆ. ತಜ್ಞೆ ಅಂತ ತಾನೇ ಕರೆದದ್ದು."

"ನೀನು ತಜ್ಞೆ ಅಲ್ಲವಾ? ನಿದ್ದೆಯಲ್ಲೂ ಮೆಟ್ಟಿಲು ಎಣಿಸ್ತೀ."

"ನೋಡದವಳನ್ನು ಯಾರು ತಜ್ಞೆ ಅಂತಾರೆ, ಆಸಿ?"

"ಹಾಗಾದರೆ ಕಳಿಸಬೇಡ. ಆದರೆ ಹೀಗೆ ನೋಡ್ತಾ ಕೂರಬೇಡ, ಮೀನು ಹಾಳಾಗ್ತದೆ."

ಅವಳು ಮೇಲನ್ನು ಕಳಿಸಲಿಲ್ಲ, ಅಳಿಸಲೂ ಇಲ್ಲ. ಅದು ಹಾಗೆಯೇ ಡ್ರಾಫ್ಟಿನಲ್ಲಿ ಉಳಿಯಿತು. ವೀಸಾ ಅರ್ಜಿಯಲ್ಲಾದರೂ ನಿಜ ಬರೆಯುವುದೆಂದು ನಿಶ್ಚಯಿಸಿ, ಯುನೈಟೆಡ್ ಕಿಂಗ್‌ಡಮ್‌ಗೆ ಹಿಂದೆ ಹೋಗಿದ್ದೀರಾ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದಳು. ಆಹ್ವಾನ ಪತ್ರವನ್ನು ಹಾಗೆಯೇ ಲಗತ್ತಿಸಿದಳು. ಬೇರೆ ಯಾರದಾದರೂ ಅರ್ಜಿ ಹೀಗಿದ್ದರೆ ಅವಳು ಮುಟ್ಟುತ್ತಲೂ ಇರಲಿಲ್ಲ. ಏಪ್ರಿಲ್ ಮೊದಲ ವಾರ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಬಂದಳು. ದಾರಿಯಲ್ಲಿ ಮಳೆಗೆ ನೆನೆಯದ ಒಂದು ಜಾಕೆಟ್ಟನ್ನೂ ಕೊಂಡಳು. ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲು. ಅಂಗಡಿಯವನು ಅವಳನ್ನು ವಿಚಿತ್ರವಾಗಿ ನೋಡಿದ.

ಎರಡು ವಾರ ಕಳೆದವು. ಒಂದು ಮಂಗಳವಾರ ಅವಳು ಬ್ಯಾಂಕಿನ ಕೆಲಸ ಮುಗಿಸಿ ಕಚೇರಿಗೆ ಮರಳಿದಾಗ ಹರ್ಷಿತ್ ಎದ್ದು ನಿಂತು ಸಲಾಮು ಹೊಡೆದ.

"ನಿಮಗೊಂದು ಫೋನ್ ಬಂದಿತ್ತು ಬಾಯಮ್ಮ. ವೀಸಾದವರು. ನಿಮ್ಮ ಬಗ್ಗೆ ಕೇಳಿದರು."

ಆಲ್ಬಿನಾ ಚೀಲವನ್ನು ಮೇಜಿನ ಮೇಲಿಟ್ಟಳು. "ಎಂತ ಕೇಳಿದರು?"

"ಇಲ್ಲಿ ಕೆಲಸ ಮಾಡುವುದು ಹೌದಾ, ಎಷ್ಟು ವರ್ಷ ಆಯಿತು, ಹುದ್ದೆ ಎಂತ. ಎಲ್ಲ ಸರಿ ಹೇಳಿದೆ. ಆಮೇಲೆ, ಇಂಗ್ಲೆಂಡಿಗೆ ಎಷ್ಟು ಸಲ ಹೋಗಿದ್ದಾರೆ ಅಂತ ಕೇಳಿದರು."

"ನೀನು?"

"ಹನ್ನೊಂದು ಅಂದೆ. ನೀವು ಹೇಳಿಕೊಟ್ಟದ್ದೇ. ಆ ಹೆಂಗಸು ಇನ್ನೊಮ್ಮೆ ಕೇಳಿತು, ಆರ್ ಯೂ ಶೂರ್ ಅಂತ. ಮೇಡಂ, ನಾಟ್ ಹಲವು, ಎಕ್ಸಾಕ್ಟ್ ಇಲೆವೆನ್ ಅಂದೆ. ಒಳ್ಳೆ ಬಿಲ್ಡಪ್ ಕೊಟ್ಟಿದ್ದೇನೆ. ಇವತ್ತು ಬಿರಿಯಾನಿ ನಿಮ್ಮದು."

ಆಲ್ಬಿನಾ ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ನೋಡಿ ಹರ್ಷಿತ್‌ನ ನಗು ನಿಧಾನಕ್ಕೆ ಇಳಿಯಿತು.

"ತಪ್ಪಾಯಿತಾ? ಅರ್ಜಿಯಲ್ಲಿ ನೀವು ಎಷ್ಟು ಬರೆದದ್ದು?"

"ಇಲ್ಲ ಅಂತ."

"ಅಯ್ಯೋ ದೇವರೇ. ನನಗೆ ಒಂದು ಮಾತು ಹೇಳಬಾರದಿತ್ತಾ ನೀವು?"

ಹೇಳಬಹುದಿತ್ತು. ಅವನು ಕಲಿತ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ್ದ.

ಏಪ್ರಿಲ್ ಕೊನೆಯಲ್ಲಿ ಪಾಸ್‌ಪೋರ್ಟಿನ ಜೊತೆ ಎರಡು ಪುಟದ ಪತ್ರ ಬಂತು. ಅವಳು ಅದನ್ನೂ ಸ್ಕೇಲು ಇಟ್ಟು ಓದಿದಳು. ನೀವು ಹಿಂದೆ ಬಂದಿಲ್ಲವೆಂದು ಅರ್ಜಿಯಲ್ಲಿ ಹೇಳಿದ್ದೀರಿ. ನೀವು ಸಲ್ಲಿಸಿದ ಆಹ್ವಾನ ಪತ್ರ ಹನ್ನೊಂದು ಭೇಟಿ ಎನ್ನುತ್ತದೆ. ನಿಮ್ಮ ಕಚೇರಿ ಫೋನಿನಲ್ಲಿ ಅದನ್ನೇ ಖಚಿತಪಡಿಸಿದೆ. ನಮ್ಮ ದಾಖಲೆಯಲ್ಲಿ ಅಂಥ ಒಂದು ಭೇಟಿಯೂ ಇಲ್ಲ. ಪ್ರಯೋಜನ ಪಡೆಯುವ ಉದ್ದೇಶದಿಂದ, ಸುಳ್ಳೆಂದು ತಿಳಿದಿದ್ದೂ ಈ ಪತ್ರವನ್ನು ಸಲ್ಲಿಸಿದ್ದೀರಿ ಎಂಬ ತೀರ್ಮಾನಕ್ಕೆ ಬಂದಿದ್ದೇವೆ. ಮುಂದಿನ ಹತ್ತು ವರ್ಷ ನೀವು ಸಲ್ಲಿಸುವ ಅರ್ಜಿಗಳನ್ನೂ ನಿರಾಕರಿಸಲಾಗುವುದು.

ಪತ್ರದಲ್ಲಿ ತಪ್ಪು ಹುಡುಕಿದಳು. ಹೆಸರು ಸರಿ, ಹುಟ್ಟಿದ ದಿನ ಸರಿ, ತಾರೀಖು ಸರಿ. ಒಂದು ತಪ್ಪೂ ಇರಲಿಲ್ಲ. ಹತ್ತು ವರ್ಷದ ಹೊತ್ತಿಗೆ ಅವಳಿಗೆ ಅರವತ್ತನಾಲ್ಕು. ಅಷ್ಟರಲ್ಲಿ ಈ ಕೆಲಸವಿರುವುದಿಲ್ಲ, ಯಾವ ಮಂಡಳಿಯೂ ಕರೆಯುವುದಿಲ್ಲ, ಮಂಡಿ ಯಾವ ಸ್ಥಿತಿಯಲ್ಲಿರುತ್ತದೋ ತಿಳಿಯದು.

"ಖಲಾಸ್," ಎಂದ ಆಸ್ವಾಲ್ಡ್, ಪತ್ರ ಮಡಚಿಡುತ್ತಾ. ಆಮೇಲೆ, "ಆ ಜಾಕೆಟ್ ವಾಪಸು ತಗೊಳ್ತಾರಾ?" ಎಂದು ಕೇಳಿದ.

ಮರುದಿನ ಅವಳು ಹರ್ಷಿತ್‌ಗೆ ವೆಬ್‌ಸೈಟಿನಿಂದ ಆ ಸಾಲನ್ನು ತೆಗೆಯಲು ಹೇಳಿದಳು. ಗ್ಲಾಡ್ವಿನ್ ತಡೆದ. "ಈಗ ಯಾಕೆ? ಆಗುವುದು ಆಗಿ ಹೋಯಿತಲ್ಲ. ಸೀಸನ್ ಶುರುವಾಗುವ ಹೊತ್ತಿಗೆ ನಮ್ಮ ತಜ್ಞೆ ಹೋಗಿಯೇ ಇಲ್ಲ ಅಂತ ನಾವೇ ಬೋರ್ಡು ಹಾಕುವುದಾ?" ಸಾಲು ಹಾಗೆಯೇ ಉಳಿಯಿತು.

ಮಂಡಳಿಯ ಸೀಟು ಖಾಲಿ ಬಿಡುವಂತಿರಲಿಲ್ಲ. ಹರ್ಷಿತ್‌ಗೂ ವೀಸಾ ಬೇಕು, ಸಮಯವಿಲ್ಲ. ಗ್ಲಾಡ್ವಿನ್ ಕಫೀಲನಿಗೆ, ಅಂದರೆ ಕಚೇರಿಯ ಪರವಾನಗಿ ಯಾರ ಹೆಸರಿನಲ್ಲಿದೆಯೋ ಆ ಒಮಾನಿಗೆ, ಫೋನು ಮಾಡಿದ. ಕಫೀಲನ ತಂಗಿಯ ಮಗ ಮುಹನ್ನದ್, ಇಪ್ಪತ್ತನಾಲ್ಕು ವರ್ಷದವನು, ಕಚೇರಿಯ ಪಟ್ಟಿಯಲ್ಲಿ ಹೆಸರಿದ್ದು ತಿಂಗಳಿಗೊಮ್ಮೆ ಮುಖ ತೋರಿಸುವವನು, ಒಪ್ಪಿಕೊಂಡ. ಒಮಾನಿಗಳಿಗೆ ಇಂಗ್ಲೆಂಡಿನ ವೀಸಾ ಬೇಕಿಲ್ಲ, ಫೋನಿನಲ್ಲೇ ಒಂದು ಅನುಮತಿ ಪಡೆದರೆ ಸಾಕು. ಅವನು ಆಲ್ಬಿನಾಳ ಮೇಜಿನ ಅಂಚಿನಲ್ಲಿ ಕುಳಿತು ಅದನ್ನು ಅವಳಿಂದಲೇ ತುಂಬಿಸಿಕೊಂಡ. ಚಹಾ ಆರುವ ಮೊದಲೇ ಮುಗಿಯಿತು. ಅಲ್ಲಿ ಚಳಿಯಿದೆಯಾ ಎಂದು ಕೇಳಿದ. ಇದೆ ಎಂದಳು. ಜಾಕೆಟ್ಟಿನ ವಿಷಯ ಹೇಳಲಿಲ್ಲ.

ಮೇ ತಿಂಗಳ ಮೂರನೆಯ ವಾರ ಮುಹನ್ನದ್ ಮರಳಿ ಬಂದ. ಆಲ್ಬಿನಾ ಅವನನ್ನೂ ಕೂರಿಸಿ ಖಾವಾ ಕೊಟ್ಟು ಕೇಳಿದಳು. "ಮ್ಯಾಮ್ ಟೋರ್ ಮೇಲೆ ಗಾಳಿ ಹೇಗಿತ್ತು?"

"ಹತ್ತಲಿಲ್ಲ. ಮಳೆ, ಮಂಜು. ಎಲ್ಲರೂ ಹತ್ತಿದರು, ನಾನು ಬಸ್ಸಿನಲ್ಲಿ ಮಲಗಿದ್ದೆ."

"ಮ್ಯಾಲಮ್?"

"ಅದು ಯಾವುದು? ಬಂಡೆಯದ್ದಾ? ಆ ದಿನ ನಾನು ಮ್ಯಾಂಚೆಸ್ಟರ್‌ಗೆ ಹೋದೆ. ಮಾಲ್ ಚೆನ್ನಾಗಿದೆ." ಅವನು ಫೋನು ತೆಗೆದು ಒಂದು ಚಿತ್ರ ತೋರಿಸಿದ. ಬಸ್ಸಿನ ಕಿಟಕಿ, ಆಚೆ ಬರೀ ಬಿಳಿ. ಆಲ್ಬಿನಾ ಅದನ್ನು ದೊಡ್ಡದು ಮಾಡಿ ನೋಡಿದಳು. ಎಷ್ಟು ದೊಡ್ಡದು ಮಾಡಿದರೂ ಬಿಳಿಯೇ.

ಹೋಗಿ ಬಂದ ಪ್ರತಿ ಏಜೆಂಟೂ ಮಂಡಳಿಗೆ ಒಂದು ವರದಿ ಕೊಡಬೇಕಿತ್ತು. ಗ್ಲಾಡ್ವಿನ್ ಅದನ್ನು ಆಲ್ಬಿನಾಳ ಮುಂದೆ ತಂದಿಟ್ಟ. "ನೀವೇ ಬರೆದುಬಿಡಿ. ಅವನು ಹೋಗಿ ಬಂದಿದ್ದಾನೆ, ನಿಮಗೆ ಗೊತ್ತುಂಟು. ಎರಡೂ ಸೇರಿದರೆ ವರದಿ ಆಯಿತಲ್ಲ."

"ಇದೂ ಸುಳ್ಳೇ, ಗ್ಲಾಡ್ವಿನ್ ಸರ್."

"ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲ ಆಲ್ಬಿನಾ. ಹೆದರಿಕೆ ಎಂತದು?"

ಅವಳು ಬರೆದಳು. ನಾಲ್ಕು ಪುಟ, ಅರ್ಧ ದಿನದಲ್ಲಿ. ಬೆಟ್ಟದ ಎತ್ತರ, ಮುರಿದ ರಸ್ತೆ, ಸುಣ್ಣಕಲ್ಲಿನ ಗೋಡೆಯ ಬುಡದ ಹೊಳೆ, ಮುದುಕರನ್ನು ಎಲ್ಲಿಯವರೆಗೆ ಕರೆದೊಯ್ಯಬಹುದು, ಎಲ್ಲಿ ನಿಲ್ಲಿಸಬೇಕು. ಎಲ್ಲವೂ 'ನಾನು' ಎಂದೇ ಶುರುವಾಗುವ ಸಾಲುಗಳು. ಕೆಳಗೆ ಮುಹನ್ನದ್‌ನ ಸಹಿ. ಓದಿದ ಗ್ಲಾಡ್ವಿನ್ ಖುಷಿಯಾಗಿ ಅದರ ಅರಬಿ ಅನುವಾದವನ್ನೂ ಮಾಡಿಸಿ, ಗಿರಾಕಿಗಳಿಗೆ ಕಾಣುವಂತೆ ಮುಹನ್ನದ್‌ನ ಮೇಜಿನ ಮೇಲೆ ಇರಿಸಿದ.

ಜೂನ್ ಎರಡನೇ ವಾರ ಹಮೂದ್ ಟಿಕೆಟು, ಹೋಟೆಲಿನ ಕಾಗದಗಳನ್ನು ಒಯ್ಯಲು ಸಹಮ್‌ನಿಂದ ಬಂದ. ತಿಂಗಳಿಗೊಮ್ಮೆ ಬರುವ ಮುಹನ್ನದ್ ಆ ದಿನ ಕಚೇರಿಯಲ್ಲಿದ್ದ. ಹಮೂದ್ ಎಂದಿನಂತೆ ಆಲ್ಬಿನಾಳ ಎದುರು ಕುಳಿತ.

"ಅಮ್ಮ ಈಗ ಹೊಸ ರಾಗ ತೆಗೆದಿದ್ದಾಳೆ. ಕೆಳಗೆ ಕೂರುವುದಿಲ್ಲ, ನಾನೂ ಮೇಲೆ ಹತ್ತುತ್ತೇನೆ ಅಂತಾಳೆ. ನೀನೊಂದು ಮಾತು ಹೇಳು, ಫೋನಿನಲ್ಲಿ ಕೊಡ್ತೇನೆ. ಹನ್ನೊಂದು ಸಲ ಹೋದವಳು ಹೇಳಿದರೆ ಕೇಳ್ತಾಳೆ."

ಅವನು ಫೋನು ತೆಗೆದು ತಾಯಿಯ ಹೆಸರು ಹುಡುಕತೊಡಗಿದ.

"ಭಾಯಿ," ಎಂದಳು ಆಲ್ಬಿನಾ. "ನಾನು ಹೋಗಿಲ್ಲ."

"ಎಲ್ಲಿಗೆ?"

"ಮ್ಯಾಲಮ್‌ಗೆ. ಮ್ಯಾಮ್ ಟೋರ್‌ಗೆ. ಇಂಗ್ಲೆಂಡಿಗೆ. ಒಂದು ಸಲವೂ ಹೋಗಿಲ್ಲ."

ಹಮೂದ್ ನಕ್ಕ. ಅವಳು ನಗದಿರುವುದನ್ನು ನೋಡಿ ಹರ್ಷಿತ್‌ನ ಕಡೆ ನೋಡಿದ. ಹರ್ಷಿತ್ ತನ್ನ ಕಂಪ್ಯೂಟರಿನೊಳಗೆ ತಲೆ ತೂರಿಸಿದ್ದ. ಹಮೂದ್ ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಮಗುಚಿಟ್ಟ.

"ನನ್ನ ಅಮ್ಮನಿಗೆ ಹೇಳಿದೆಯಲ್ಲ, ಮೊದಲ ಸಲ ಹೆದರಿಕೆ ಆಯಿತು ಅಂತ."

"ಹೇಳಿದೆ. ಅದು ಸುಳ್ಳು. ಉಳಿದದ್ದೆಲ್ಲ ನಿಜ. ದಾರಿ, ಮೆಟ್ಟಿಲು, ಎಲ್ಲ..."

"ಎಂಟು ವರ್ಷದಿಂದ ನಿನ್ನ ಹತ್ತಿರ ಬರ್ತಾ ಇದ್ದೇನೆ," ಎಂದ ಹಮೂದ್. ದನಿ ಏರಿಸಲಿಲ್ಲ.

ಗಾಜಿನ ಕೋಣೆಯಿಂದ ಗ್ಲಾಡ್ವಿನ್ ಧಾವಿಸಿ ಬಂದ. "ಸರ್, ಸರ್, ಇಲ್ಲಿ ಬನ್ನಿ. ನಮ್ಮ ಮುಹನ್ನದ್ ಈಗಷ್ಟೇ ಅಲ್ಲಿಂದ ಬಂದದ್ದು. ಹೋದ ತಿಂಗಳು. ಅವನನ್ನೇ ಕೇಳಿ." ಹಮೂದ್ ಎದ್ದು, ಕುರ್ಚಿಯನ್ನು ತಾನೇ ಎಳೆದುಕೊಂಡು ಹೋಗಿ ಮುಹನ್ನದ್‌ನ ಎದುರು ಹಾಕಿಕೊಂಡ. ಮಂಡಿನೋವಿನ ತಾಯಿ ಮೇಲೆ ಹತ್ತಬಹುದೇ ಎಂದು ಅರಬಿಯಲ್ಲಿ ಕೇಳಿದ.

ಮುಹನ್ನದ್ ಎದುರಿಗಿದ್ದ ನಾಲ್ಕು ಪುಟಗಳನ್ನು ಎತ್ತಿಕೊಂಡು ಬೆರಳಾಡಿಸುತ್ತಾ ಓದತೊಡಗಿದ. ಇಷ್ಟು ವರ್ಷದಲ್ಲಿ ಆಲ್ಬಿನಾಳಿಗೆ ಅರಬಿ ಅಷ್ಟು ಅರ್ಥವಾಗುತ್ತಿತ್ತು. ಬುಡದವರೆಗೆ ದಾರಿ ಸಮತಟ್ಟು, ನಾನು ನಡೆದಿದ್ದೇನೆ. ಮೇಲಕ್ಕೆ ನಾನೂರು ಮೆಟ್ಟಿಲು, ಮಂಡಿನೋವಿನವರು ಬೇಡ. ಮ್ಯಾಮ್ ಟೋರಿನ ತುದಿಯಲ್ಲಿ ಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ.

ಹಮೂದ್ ಅಲ್ಲಿ ಅವನನ್ನು ತಡೆದ. "ಸತ್ಯ," ಎಂದ, ತನ್ನ ತಲೆ ಮುಟ್ಟಿಕೊಂಡು. "ನನ್ನ ಟೊಪ್ಪಿ ಅಲ್ಲೇ ಹಾರಿಹೋದದ್ದು." ಮತ್ತೆ ಗ್ಲಾಡ್ವಿನ್ ಕಡೆ ತಿರುಗಿ, ಆಲ್ಬಿನಾಳಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದ: "ನೋಡಿದೆಯಾ? ಹೋಗಿ ಬಂದವರ ಮಾತೇ ಬೇರೆ."

ಅವನು ತಾಯಿಗೆ ಫೋನು ಹಚ್ಚಿ ಮುಹನ್ನದ್‌ನ ಕೈಗೆ ಕೊಟ್ಟ. ಆಲ್ಬಿನಾ ತನ್ನ ಮೇಜಿನ ಮೇಲೆ ಉಳಿದಿದ್ದ ಹಮೂದ್‌ನ ಟಿಕೆಟುಗಳನ್ನು ಒಟ್ಟುಮಾಡಿದಳು. ಹೆಸರು, ತಾರೀಖು, ಪಾಸ್‌ಪೋರ್ಟಿನ ಸಂಖ್ಯೆಗಳನ್ನು ಸ್ಕೇಲು ಇಟ್ಟು ಇನ್ನೊಮ್ಮೆ ನೋಡಿದಳು. ಎಲ್ಲ ಸರಿಯಿತ್ತು. ಅವನ್ನು ಲಕೋಟೆಗೆ ಹಾಕಿ, ಮುಹನ್ನದ್‌ನ ಮೇಜಿಗೆ ಕೊಟ್ಟು ಬರುವಂತೆ ಹರ್ಷಿತ್‌ನ ಕಡೆಗೆ ಸರಿಸಿದಳು.